ಗೋಡೆಯ ನಕ್ಷೆಗೆ ಸ್ಕೇಲ್ ಇಡಬೇಡಿ

ಪ್ರಶ್ನೆ: ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾನೆ. ಬೆಂಗಳೂರಿನಿಂದ ಅಲ್ಲಿಗೆ ಎಷ್ಟು ದೂರವೆಂದು ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದೆ. ಮೊಬೈಲ್ 14,000 ಕಿಲೋಮೀಟರ್ ಎನ್ನುತ್ತದೆ, ನನ್ನ ಲೆಕ್ಕ ಅದನ್ನು ಎಷ್ಟೋ ದಾಟುತ್ತದೆ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಕಾಗದ, ಪೆನ್ಸಿಲ್ ಹಿಡಿದು ಕಂಡುಕೊಳ್ಳಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಧಾರಾಳವಾಗಿ. ಮೊದಲು ಆ ಸ್ಕೇಲನ್ನು ಒಳಗಿಡಿ. ನಾನು ಕಾರವಾರದವನು, ಹಡಗುಗಳಲ್ಲಿ ದಾರಿ ಲೆಕ್ಕ ಹಾಕುವ ಕೆಲಸ ಮಾಡಿ ನಿವೃತ್ತನಾದವನು. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಕಂಡರೆ ಈಗಲೂ ಮೈ ಉರಿಯುತ್ತದೆ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿ ಧ್ರುವಗಳ ಕಡೆಗೆ ಹಿಗ್ಗಿಸುವ ಮರ್ಕೇಟರ್ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟು ಕಾಣುತ್ತದೆ. ನಿಜದಲ್ಲಿ ಆಫ್ರಿಕಾದ ವಿಸ್ತೀರ್ಣ ಅದರ ಹದಿನಾಲ್ಕು ಪಟ್ಟು.

ನಾವಿಕರು ಅಳೆಯುವುದು ಅಕ್ಷಾಂಶದಿಂದ. ಒಂದು ಡಿಗ್ರಿಗೆ 60 ನಿಮಿಷ. ಅಕ್ಷಾಂಶದ ಒಂದು ನಿಮಿಷವೆಂದರೆ ಒಂದು ನಾಟಿಕಲ್ ಮೈಲು, 1,852 ಮೀಟರ್. ವಿಮಾನದವರದ್ದೂ ಇದೇ ಮೈಲು.

ಹತ್ತಿರದ್ದನ್ನೇ ಮೊದಲು ಮಾಡಿ ನೋಡೋಣ. ನಾವು ಕಾರವಾರದವರು ಕಾಣಕೋಣ ದಾಟಿ ಹೋಗುವ ಗೋವಾದ ದಾಬೋಳಿ ವಿಮಾನ ನಿಲ್ದಾಣ 15 ಡಿಗ್ರಿ 23 ನಿಮಿಷ ಉತ್ತರ, 73 ಡಿಗ್ರಿ 50 ನಿಮಿಷ ಪೂರ್ವದಲ್ಲಿದೆ. ಮುಂಬೈ ನಿಲ್ದಾಣ 19 ಡಿಗ್ರಿ 5 ನಿಮಿಷ ಉತ್ತರ, 72 ಡಿಗ್ರಿ 52 ನಿಮಿಷ ಪೂರ್ವ. ಅಕ್ಷಾಂಶದ ವ್ಯತ್ಯಾಸ 222 ನಿಮಿಷ, ಅಂದರೆ ಉತ್ತರಕ್ಕೆ 222 ಮೈಲು. ರೇಖಾಂಶದ ವ್ಯತ್ಯಾಸ 58 ನಿಮಿಷ. ಇದನ್ನು ಹಾಗೆಯೇ ಮೈಲು ಎನ್ನುವಂತಿಲ್ಲ. ಧ್ರುವದ ಕಡೆಗೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದರಿಂದ, ನಡುವಿನ ಅಕ್ಷಾಂಶವಾದ 17 ಡಿಗ್ರಿಯ ಕೊಸೈನ್‌ನಿಂದ, ಅಂದರೆ 0.956ರಿಂದ, ಗುಣಿಸಬೇಕು. ಸುಮಾರು 55 ಮೈಲು ಬರುತ್ತದೆ. ಇನ್ನು ಶಾಲೆಯ ಪೈಥಾಗೊರಸ್: 222 ಮತ್ತು 55ರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 229 ಮೈಲು, ಎಂದರೆ 424 ಕಿಲೋಮೀಟರ್.

ಸ್ಯಾನ್ ಫ್ರಾನ್ಸಿಸ್ಕೋಗೆ ಇದು ನಡೆಯುವುದಿಲ್ಲ. ಪೈಥಾಗೊರಸ್ ಚಪ್ಪಟೆ ನೆಲದವನು. ಶಾಲೆಯ ಭೂಗೋಲವೊಂದನ್ನು ತಂದು ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ, ಉತ್ತರ ಧ್ರುವದ ಬಳಿ ಹಾಯುತ್ತದೆ. ಎರಡರ ರೇಖಾಂಶಗಳ ನಡುವೆ 160 ಡಿಗ್ರಿ ಅಂತರವಿದೆ, ಭೂಮಿಯ ಬಹುಮಟ್ಟಿಗೆ ಆಚೆ ಬದಿ. ಆದ್ದರಿಂದ ಧ್ರುವವನ್ನೇ ಹತ್ತಿ ಇಳಿದರೂ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಬೆಂಗಳೂರು 13.2 ಡಿಗ್ರಿಯಲ್ಲಿದೆ, ಅಲ್ಲಿಂದ ಧ್ರುವಕ್ಕೆ 76.8. ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೋದ 37.6ಕ್ಕೆ ಇಳಿಯಲು 52.4. ಒಟ್ಟು 129.2 ಡಿಗ್ರಿ; ಡಿಗ್ರಿಗೆ 111 ಕಿಲೋಮೀಟರ್‌ನಂತೆ 14,341. ಧ್ರುವವನ್ನು ಮುಟ್ಟದೆ ಪಕ್ಕದಿಂದ ಹಾದರೆ ಇನ್ನಷ್ಟು ಉಳಿದು, ನಿಮ್ಮ ಮೊಬೈಲ್ ಹೇಳಿದ ಅಂಕಿಗೆ ಬರುತ್ತದೆ. ನಿಮ್ಮ ಸ್ಕೇಲಿನ ಗೆರೆ ಹಿಡಿದು ಹೋಗುವವನು ನಿಜವಾದ ಭೂಮಿಯ ಮೇಲೆ 16,000 ಕಿಲೋಮೀಟರ್ ದಾಟುತ್ತಾನೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ವಿಮಾನ ತಂದದ್ದು ಉತ್ತರ ಧ್ರುವದ ಮೇಲಿನಿಂದಲೇ.

ಇಷ್ಟು ನಿಲ್ದಾಣಗಳ ನಡುವಿನ ದೂರ. ವಿಮಾನ ಹಾರುವ ದೂರ ಬೇರೆ: ಗಾಳಿಗೆ ಎದುರಾಗಿ ಏರಿ ಆಮೇಲೆ ತಿರುಗಬೇಕು, ಇಳಿಯಲು ಸರದಿ ಕಾಯಬೇಕು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿ–ಲಂಡನ್ ದೂರ ಒಂದು ಮೈಲೂ ಹೆಚ್ಚಲಿಲ್ಲ. ನಮ್ಮ ವಿಮಾನಗಳು ಮಾತ್ರ ಅರಬ್ಬೀ ಸಮುದ್ರದ ಕಡೆಯಿಂದ ಬಳಸಿಕೊಂಡು ಹೋಗಬೇಕಾಯಿತು.