ಫಾರ್ಮಿನ ಒಂದು ಕಾಲಂ ಕೂಡ ಖಾಲಿ ಬಿಡಬೇಡ

ಹುಮನಾಬಾದಿನ ಹುಡುಗಿಯೊಬ್ಬಳು ಕೇಳಿದ್ದಾಳೆ. ಕೆನಡಾಕ್ಕೆ ಬಂದು ಇನ್ನೂ ಎರಡು ತಿಂಗಳು, ಮನೆ ಬ್ರಾಂಪ್ಟನ್ನಿನಲ್ಲಿ. ಹೊಸಬರಿಗೆ ಸರ್ಕಾರ ಪುಕ್ಕಟೆ ಇಂಗ್ಲಿಷ್ ಕಲಿಸುವ ಲಿಂಕ್ ಕ್ಲಾಸಿನಲ್ಲಿ ಸೀಟು ಸಿಕ್ಕಿದೆ. ಕ್ಲಾಸು ನಡೆಯುವಷ್ಟು ಹೊತ್ತು ಅದೇ ಕಟ್ಟಡದಲ್ಲಿ ಮಗುವನ್ನೂ ಪುಕ್ಕಟೆ ನೋಡಿಕೊಳ್ಳುತ್ತಾರೆ. ಮಗನಿಗೆ ಎರಡೂವರೆ ವರ್ಷ. ಅವಳ ಪ್ರಶ್ನೆ ಇದು: "ಅಕ್ಕಾ, ಒಂದು ಕಟ್ಟು ಕಾಗದ ಕೊಟ್ಟು ಎಲ್ಲ ಓದಿ ಸಹಿ ಮಾಡು ಅಂದಿದ್ದಾರೆ. ಬಿಲ್ಡಿಂಗ್ ಬಿಟ್ಟು ಹೋಗಬಾರದಂತೆ, ಶೇಂಗಾ ತರಬಾರದಂತೆ, ಬೇರೆಯವರು ಬಂದರೆ ಮಗನ್ನ ಕೊಡಲ್ಲವಂತೆ. ಇಷ್ಟೊಂದು ರೂಲ್ಸ್ ನೋಡಿ ಹೆದರಿಕೆ ಆಗ್ತಿದೆ. ಬಿಡಬಹುದಾ, ಇಲ್ಲಾ ಅವ್ವ ಬರೋತನಕ ಕಾಯಲಾ?"

ಬಿಡು ತಂಗಿ, ಕಾಯಬೇಡ. ಅವ್ವನ ವೀಸಾ ಯಾವಾಗ ಆಗುತ್ತದೋ ಏನೋ. ಆದರೂ ಈ ಥಂಡಿಯಲ್ಲಿ ಬಂದು ಆಕೆ ಏನು ಮಾಡಬೇಕು? ಇಲ್ಲಿ ಅಂಗಳ ಇಲ್ಲ, ಕಟ್ಟೆ ಇಲ್ಲ, ಬಾಗಿಲಿಗೆ ಬಂದು ಮಾತಾಡಿಸುವ ಮಂದಿ ಇಲ್ಲ. ದಿನವಿಡೀ ಮೊಮ್ಮಗನನ್ನು ಹಿಡಿದುಕೊಂಡು ಕಿಟಕಿಯಿಂದ ಹಿಮ ನೋಡುತ್ತಾ ಕೂರಬೇಕಷ್ಟೇ. ಅವ್ವನನ್ನು ಜೂನ್ ತಿಂಗಳಲ್ಲಿ ಕರೆಸು, ನಯಾಗರಾ ತೋರಿಸು.

ನಾನು ಕಲಬುರಗಿಯ ಬ್ರಹ್ಮಪುರದವಳು. 2011ರ ಜನವರಿಯಲ್ಲಿ ಬಂದಾಗ ಮಗಳಿಗೆ ಎರಡು ವರ್ಷ. ಇದೇ ಲಿಂಕ್ ಕ್ಲಾಸು, ಬಾಜೂಕೇ ಮಕ್ಕಳ ಕೋಣೆ. ನಾನು ಎಂ.ಎ. ಮಾಡಿದ್ದೆ, ಇಂಗ್ಲಿಷ್ ಪೇಪರ್ ಸರಾಗವಾಗಿ ಓದುತ್ತಿದ್ದೆ. ಆದರೂ ಬಸ್ ಡ್ರೈವರ್ ಒಂದು ಮಾತು ಕೇಳಿದರೆ ಬಾಯಿ ಕಟ್ಟುತ್ತಿತ್ತು. ಇವತ್ತು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ದಿನಕ್ಕೆ ಎಷ್ಟೋ ಜನಕ್ಕೆ ಉತ್ತರ ಕೊಡುತ್ತೇನೆ. ಆ ಕ್ಲಾಸು ಇಲ್ಲದಿದ್ದರೆ, ಆ ಮಕ್ಕಳ ಕೋಣೆ ಇಲ್ಲದಿದ್ದರೆ, ಇದು ಆಗುತ್ತಿರಲಿಲ್ಲ.

ಸಣ್ಣಪುಟ್ಟ ವಿಷಯ ಮೊದಲು ಮುಗಿಸುತ್ತೇನೆ. ದುಡ್ಡು ಕೊಡಬೇಕಿಲ್ಲ. ಲಿಂಕ್ 1992ರಿಂದ ನಡೆಯುತ್ತಿದೆ, ಖರ್ಚು ಕೇಂದ್ರ ಸರ್ಕಾರದ್ದು, ಮಕ್ಕಳ ಕೋಣೆಯದೂ ಅದರಲ್ಲೇ ಬಂತು. ಇಲ್ಲಿ ಕಾಯಂ ಇರಲಿಕ್ಕೆ ಕೊಡುವ ನಿನ್ನ ಪಿಆರ್ ಕಾರ್ಡ್ ಇದ್ದರೆ ಸಾಕು. ಸಿಟಿಜನ್ ಆದಮೇಲೆ ಈ ಕ್ಲಾಸು ಸಿಗಲ್ಲ, ಅದಕ್ಕೇ ಈಗಲೇ ಉಪಯೋಗಿಸಿಕೋ. ವಯಸ್ಸು ಆರು ತಿಂಗಳಿಂದ ಆರು ವರ್ಷ. ಆದರೆ ತೀರಾ ಕೈಗೂಸುಗಳಿಗೆ ಎಲ್ಲಾ ಕಡೆ ಜಾಗ ಇರುವುದಿಲ್ಲ. ನಿನ್ನ ಮಗನಿಗೆ ಆ ತೊಂದರೆ ಇಲ್ಲ.

ಇದು ಡೇಕೇರ್ ಅಲ್ಲ ಅನ್ನೋದು ಮಾತ್ರ ತಲೆಯಲ್ಲಿರಲಿ. ಕ್ಲಾಸು ಬಿಟ್ಟ ದಿನ ಮಗನ ಜಾಗವೂ ಹೋಗುತ್ತದೆ. ಹೇಳದೆ ಕೇಳದೆ ತಪ್ಪಿಸಿದರೂ ಹೋಗುತ್ತದೆ, ಯಾಕಂದರೆ ಹಿಂದೆ ವೇಟಿಂಗ್ ಲಿಸ್ಟ್ ಉದ್ದಕ್ಕಿರುತ್ತದೆ. ವೀರಭದ್ರೇಶ್ವರ ಜಾತ್ರೆ, ತಮ್ಮನ ಮದುವೆ ಅಂತ ತಿಂಗಳುಗಟ್ಟಲೆ ಊರಿಗೆ ಹೋದರೆ, ತಿರುಗಿ ಬಂದು ಮತ್ತೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಮುಂದೆ ಕೆಲಸ ಹುಡುಕುವ ವಿಚಾರ ಇದ್ದರೆ ಲೈಸೆನ್ಸ್ ಇರುವ ಡೇಕೇರ್‌ಗಳಲ್ಲಿ ಈಗಲೇ ಹೆಸರು ಬರೆಸು. ಸರ್ಕಾರದ ಯೋಜನೆಗೆ ಸೇರಿದ ಡೇಕೇರ್‌ಗಳು ನಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ 2025ರ ಜನವರಿಯಿಂದ ಆರು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ 22 ಡಾಲರಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ. ದುಡ್ಡಿಗಿಂತ ಜಾಗ ಸಿಗೋದೇ ಕಷ್ಟ. ಅರ್ಲಿಆನ್ ಅಂತ ಸಣ್ಣ ಮಕ್ಕಳ ಆಟದ ಕೇಂದ್ರ ಇನ್ನೊಂದಿದೆ, ಅದೂ ಪುಕ್ಕಟೆ, ಆದರೆ ಅಲ್ಲಿ ನೀನೂ ಮಗನ ಜೊತೆ ಕೂರಬೇಕು.

ಲಸಿಕೆ. ತಾಯಿ ಕಾರ್ಡ್ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದಿದ್ದೀಯಲ್ಲ? ಬಂದಿಲ್ಲದಿದ್ದರೆ ಇವತ್ತೇ ಅಪ್ಪನಿಗೆ ಹೇಳಿ ಫೋಟೋ ತರಿಸು. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಒಂಬತ್ತು ತಿಂಗಳಿಗೆ ಎಂಆರ್, ಅಂದರೆ ದಡಾರ-ರುಬೆಲ್ಲಾ ಲಸಿಕೆ ಹಾಕುತ್ತಾರೆ. ಇಲ್ಲಿ ಮೊದಲ ಹುಟ್ಟುಹಬ್ಬ ಆದಮೇಲೆ ಹಾಕಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅದರ ಜೊತೆ ಮಂಗನಬಾವಿನ ಲಸಿಕೆಯೂ ಬೇಕು, ಅದು ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ. ಇಲ್ಲಿ ಹದಿನೈದು ತಿಂಗಳಿಗೆ ಚಿಕನ್ ಪಾಕ್ಸ್ ಲಸಿಕೆ ಹಾಕುತ್ತಾರೆ, ಅದೂ ನಮ್ಮ ಪಟ್ಟಿಯಲ್ಲಿಲ್ಲ. "ಊರಲ್ಲಿ ಎಲ್ಲಾ ಹಾಕಿಸಿದ್ದೀವಿ" ಅಂತ ವಾದ ಮಾಡಬೇಡ. ಫ್ಯಾಮಿಲಿ ಡಾಕ್ಟರ್ ಸಿಕ್ಕಿಲ್ಲ ಅಂದರೆ ವಾಕ್-ಇನ್ ಕ್ಲಿನಿಕ್ಕಿನಲ್ಲಿ ತೋರಿಸು, ಬಾಕಿ ಇದ್ದದ್ದನ್ನು ಹಾಕಿಸಿಬಿಡು.

ಶೇಂಗಾ ಬೇಡ ಅಂದರೆ ನಮ್ಮ ಕಡೆಯವರಿಗೆ ಊಟವೇ ಬೇಡ ಅಂದ ಹಾಗೆ, ಗೊತ್ತು. ರೊಟ್ಟಿಗೆ ಶೇಂಗಾ ಹಿಂಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಸುಸಲಾದಲ್ಲಿ ಶೇಂಗಾ. ಆದರೆ ಈ ಒಂದು ರೂಲಿನ ಜೊತೆ ಆಟ ಬೇಡ. ಕೆಲವು ಮಕ್ಕಳಿಗೆ ಅದರ ಚೂರು ತಾಗಿದರೂ ಗಂಟಲು ಬಾತು ಉಸಿರು ಕಟ್ಟುತ್ತದೆ. ಡಬ್ಬಿಯಲ್ಲಿ ಇಡದಿದ್ದರೆ ಸಾಲದು. ಬೆಳಿಗ್ಗೆ ಹಿಂಡಿ ಹಚ್ಚಿದ ರೊಟ್ಟಿ ತಿಂದಿದ್ದರೆ ಮಗನ ಕೈಬಾಯಿ ಸೋಪು ಹಾಕಿ ತೊಳೆದು ಕರೆದುಕೊಂಡು ಹೋಗು. ಗೋಡಂಬಿ, ಬಾದಾಮಿಗೂ ಇದೇ ಮಾತು. ಮನೆಯಲ್ಲಿ ರಾತ್ರಿ ಊಟಕ್ಕೆ ಬೇಕಾದಷ್ಟು ತಿನ್ನಿರಿ, ಯಾರು ಬೇಡ ಅಂತಾರೆ.

ಕ್ರೋಸಿನ್ ಕುಡಿಸಿ ಕಳಿಸುವ ನಮ್ಮ ಉಪಾಯವೂ ಇಲ್ಲಿ ನಡೆಯಲ್ಲ. ಔಷಧಿ ಇಳಿದ ಕೂಡಲೇ ಮೈ ಬಿಸಿಯಾಗುತ್ತದೆ, ಕ್ಲಾಸಿನಿಂದ ನಿನ್ನನ್ನು ಎಬ್ಬಿಸಿ ಕರೆಯುತ್ತಾರೆ. ಔಷಧಿ ಇಲ್ಲದೆ ಒಂದು ದಿನ ಪೂರ್ತಿ ಜ್ವರ ಬಾರದೆ ಇದ್ದರೆ ಕರೆದುಕೊಂಡು ಹೋಗು. ರಾತ್ರಿ ಗಾಬರಿ ಆದರೆ 811ಕ್ಕೆ ಫೋನ್ ಹಚ್ಚು, ಯಾವ ಹೊತ್ತಿಗಾದರೂ ನರ್ಸ್ ಮಾತಾಡುತ್ತಾರೆ. ಕೊರಳಿನ ತಾಯತ, ಕೈಯ ಕರಿಮಣಿ ಬಿಚ್ಚಿ ನಿನ್ನ ಪರ್ಸಿನಲ್ಲಿಟ್ಟುಕೋ. ಅವು ದೇವರದೋ ದರ್ಗಾದ್ದೋ ಅಂತ ಅವರಿಗೆ ಬೇಕಿಲ್ಲ. ಮಣಿ ಹರಿದು ಯಾವುದಾದರೂ ಮಗು ನುಂಗಿದರೆ ಅನ್ನುವ ಹೆದರಿಕೆ ಅಷ್ಟೇ. ಅಲ್ಲಿ ಫೋಟೋ ತೆಗೆದು ಸ್ಟೇಟಸ್ ಹಾಕಬೇಡ, ಬೇರೆಯವರ ಮಕ್ಕಳೂ ಬರುತ್ತಾರೆ. ಸ್ನೋಪ್ಯಾಂಟು, ಬೂಟು, ಗ್ಲೌಸು ಎಲ್ಲದರ ಮೇಲೂ ಹೆಸರು ಬರಿ. ಎಲ್ಲಾ ಮಕ್ಕಳ ಬೂಟೂ ಒಂದೇ ಥರ ಇರುತ್ತವೆ.

ಇನ್ನು ಬಿಲ್ಡಿಂಗ್ ಬಿಟ್ಟು ಹೋಗಬಾರದು ಅನ್ನೋದು. ಅಂಗನವಾಡಿಯಲ್ಲಿ ಮಗುವನ್ನು ಬಿಟ್ಟು ಅವ್ವಂದಿರು ಹೊಲಕ್ಕೆ ಹೋಗುತ್ತಾರೆ. ಈಗ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಬಂದಿದೆ, ಅಲ್ಲಿ ಬಿಟ್ಟು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುತ್ತಾರೆ. ಅವು ಇರೋದೇ ಅದಕ್ಕೆ. ಇಲ್ಲಿಯ ಲೆಕ್ಕ ಬೇರೆ. ನೀನು ಗೋಡೆಯ ಆಚೆಗೇ ಇದ್ದೀಯ ಅನ್ನುವ ಧೈರ್ಯದ ಮೇಲೆ ಈ ಕೋಣೆ ನಡೆಯುತ್ತದೆ. ಮಗು ಬಿದ್ದರೆ, ವಾಂತಿ ಮಾಡಿದರೆ, ಅಳು ನಿಲ್ಲಿಸದಿದ್ದರೆ ನಿನ್ನನ್ನೇ ಕರೆಯುತ್ತಾರೆ. ಬ್ರೇಕಿನಲ್ಲಿ ಎದುರಿನ ಇಂಡಿಯನ್ ಅಂಗಡಿಗೆ ಓಡಿ ಮೆಂತ್ಯಪಲ್ಲೆ ತರುವ ಆಸೆ ಆಗುತ್ತದೆ, ನನಗೂ ಆಗುತ್ತಿತ್ತು. ಬೇಡ. ಇಂಟರ್‌ವ್ಯೂ, ಬ್ಯಾಂಕು, ಡ್ರೈವಿಂಗ್ ಟೆಸ್ಟು ಯಾವುದಕ್ಕೂ ಈ ಹೊತ್ತನ್ನು ನೆಚ್ಚಿಕೊಳ್ಳಬೇಡ.

ಮೊದಲ ವಾರ ಮಗ ಅತ್ತೇ ಅಳುತ್ತಾನೆ. ನಮ್ಮಲ್ಲಾದರೆ ಆಯಿ ಮಗುವಿಗೆ ಕಾಗೆ ಗುಬ್ಬಿ ತೋರಿಸುತ್ತಾಳೆ, ಅಷ್ಟರಲ್ಲಿ ನಾವು ಹಿತ್ತಲ ಬಾಗಿಲಿಂದ ಮೆಲ್ಲಗೆ ಜಾರಿಕೊಳ್ಳುತ್ತೇವೆ. ಇಲ್ಲಿ ಅದಕ್ಕೆ ಬಿಡಲ್ಲ. ಮಗುವಿನ ಮುಖ ನೋಡಿ "ಹೋಗಿ ಬರ್ತೀನಿ" ಅಂತ ಹೇಳಿಯೇ ಹೋಗಬೇಕು. ಮೊದಮೊದಲು ನನಗೆ ಇದು ಕಟುಕತನ ಅನ್ನಿಸಿತ್ತು. ಅಳುವ ಕೂಸಿಗೆ ಎದುರು ನಿಂತು ಟಾಟಾ ಮಾಡೋದು ಅಂದರೆ! ಆಮೇಲೆ ನೋಡಿದೆ. ಹೇಳಿ ಹೋದ ದಿನ ಮಗಳು ಐದು ನಿಮಿಷ ಅತ್ತು ಆಟಕ್ಕೆ ಹೋಗುತ್ತಿದ್ದಳು. ಕಣ್ಣು ತಪ್ಪಿಸಿ ಹೋದ ದಿನ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಇದೊಂದರಲ್ಲಿ ಅವರದೇ ಸರಿ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡದ್ದಕ್ಕೆ ಬರುತ್ತೇನೆ. ಫಾರ್ಮಿನಲ್ಲಿ ಮಗುವಿನ ಮೈಮೇಲಿನ ಗುರುತುಗಳ ಬಗ್ಗೆ ಒಂದು ಕಾಲಂ ಇರುತ್ತದೆ. ಎಲ್ಲರೂ ಅಲ್ಲಿ ಒಂದು ಗೆರೆ ಎಳೆದು ಮುಂದಕ್ಕೆ ಹೋಗುತ್ತಾರೆ.

ನಮ್ಮ ಮಕ್ಕಳಿಗೆ ಹುಟ್ಟುವಾಗ ಸೊಂಟದ ಹಿಂದೆ, ಕುಂಡಿಯ ಮೇಲೆ ನೀಲಿ ಮಚ್ಚೆ ಇರುತ್ತದಲ್ಲ, ಅದನ್ನು ನಾವು ಮಚ್ಚೆ ಅಂತಲೂ ಲೆಕ್ಕಕ್ಕೆ ಹಿಡಿಯಲ್ಲ. ಶಾಲೆಗೆ ಹೋಗುವ ಹೊತ್ತಿಗೆ ತಾನೇ ಮಾಸಿ ಹೋಗುತ್ತದೆ. ನನ್ನ ಮಗಳಿಗೆ ಅಂಗೈ ಅಗಲ ಇತ್ತು. ಒಂದು ದಿನ ನೀರು ಚೆಲ್ಲಿಕೊಂಡಳಂತೆ, ಪ್ಯಾಂಟು ಬದಲಿಸುವಾಗ ನೋಡಿದ್ದಾರೆ. ನನ್ನನ್ನು ಕ್ಲಾಸಿನಿಂದ ಹೊರಗೆ ಕರೆದರು. ವರಾಂಡದಲ್ಲಿ, ಬೇರೆ ತಾಯಂದಿರು ಕೋಟು ಹಾಕಿಕೊಳ್ಳುತ್ತಾ ನಿಂತ ಜಾಗದಲ್ಲಿ. ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿನ ಕೈಯಲ್ಲಿ ಒಂದು ಕಾಗದ. ಅದರ ಮೇಲೆ ಮಗುವಿನ ಆಕಾರದ ಎರಡು ಚಿತ್ರ, ಒಂದು ಮುಂದಿನದು, ಒಂದು ಬೆನ್ನಿನದು. ಬೆನ್ನಿನ ಚಿತ್ರದಲ್ಲಿ ಸೊಂಟದ ಹತ್ತಿರ ಪೆನ್ನಿನಿಂದ ಒಂದು ಸುತ್ತು ಹಾಕಿದ್ದರು. "ಇದು ಹೇಗಾಯಿತು?" ಅಂತ ಮೆತ್ತಗೇ ಕೇಳಿದರು.

ಹುಟ್ಟಿದಾಗಿನಿಂದ ಇದೆ ಅಂತ ಹೇಳಬೇಕು. ಬಾಯಿಗೆ ಇಂಗ್ಲಿಷೇ ಬರಲಿಲ್ಲ. ಕಲಿಯಲಿಕ್ಕೆ ಬಂದದ್ದೇ ಅದನ್ನಲ್ಲವಾ. ನಾನು ಮಗಳನ್ನು ಹೊಡೆದಿದ್ದೇನೆ ಅಂತ ಇವರು ತಿಳಿದುಕೊಂಡಿದ್ದಾರೆ ಅಂತ ಅರ್ಥ ಆಗಲಿಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥ ಆದಮೇಲೆ ಕಾಲು ನಡುಗಿದವು. ಕೊನೆಗೆ ಸೋಮಾಲಿಯಾದ ಹೆಣ್ಣುಮಗಳೊಬ್ಬಳು, ನನ್ನ ಕ್ಲಾಸಿನವಳೇ, ನಡುವೆ ಬಂದು "ನನ್ನ ಮಗನಿಗೂ ಇದೆ, ಬಾ ತೋರಿಸ್ತೀನಿ" ಅಂದಳು. ಮರುದಿನ ಡಾಕ್ಟರ ಚೀಟಿ ಕೊಟ್ಟೆ. ಅದನ್ನು ಫೈಲಿಗೆ ಹಾಕಿದರು, ವಿಷಯ ಅಲ್ಲಿಗೇ ಮುಗಿಯಿತು.

ಅವರಿಗೆ ಕಾನೂನಿದೆ. ಮಗುವಿಗೆ ಯಾರೋ ನೋವು ಮಾಡಿದ್ದಾರೆ ಅನ್ನುವ ಅನುಮಾನಕ್ಕೆ ಕಾರಣ ಕಂಡರೆ ಮಕ್ಕಳ ರಕ್ಷಣೆಯವರಿಗೆ ತಿಳಿಸಲೇಬೇಕು, ಸುಮ್ನಿದ್ದರೆ ದಂಡ ಬೀಳುತ್ತದೆ. ಈಗ ಒಂಟಾರಿಯೊದಲ್ಲಿ ಅದಕ್ಕೆ 2017ರ ಕಾಯ್ದೆ ಇದೆ, ಅದಕ್ಕೂ ಮೊದಲು ಹಳೆಯದೊಂದು ಇತ್ತು. ಕೇಳಿದ್ದು ತಪ್ಪು ಅಂತ ನಾನು ಹೇಳಲ್ಲ. ಎಲ್ಲರ ಎದುರು ವರಾಂಡದಲ್ಲಿ ಕೇಳಿದ್ದಕ್ಕೆ ಮಾತ್ರ ನನಗೆ ಇವತ್ತಿಗೂ ಸಿಟ್ಟಿದೆ. ಆಮೇಲೆ ಬಹಳ ದಿನ ಆ ಕೋಣೆಯ ಬಾಗಿಲಲ್ಲಿ ಮಗಳನ್ನು ಬಿಟ್ಟು ತಲೆ ಎತ್ತದೆ ಬಂದುಬಿಡುತ್ತಿದ್ದೆ. ಮಗಳು ಆ ಹೆಂಗಸಿನ ಕೊರಳಿಗೆ ಜೋತುಬೀಳುತ್ತಿದ್ದಳು, ಅದನ್ನು ನೋಡಿದರೂ ನನ್ನ ಮನಸ್ಸು ಕರಗಲಿಲ್ಲ.

ಅದಕ್ಕೇ ಹೇಳ್ತೀನಿ, ಇವತ್ತು ಸ್ನಾನ ಮಾಡಿಸುವಾಗ ಮಗನ ಮೈ ಒಮ್ಮೆ ಸರಿಯಾಗಿ ನೋಡು. ನೀಲಿ ಮಚ್ಚೆ, ಬಿಸಿ ಹಾಲು ಚೆಲ್ಲಿದ ಕಲೆ, ತೋಳಿನ ಮೇಲಿನ ಬಿಸಿಜಿ ಗುರುತು, ಉಡದಾರ ಒತ್ತಿದ ಗೆರೆ, ಎಲ್ಲಾ ಬರಿ. ನೀಲಿ ಮಚ್ಚೆಗೆ ಇಲ್ಲಿ ಮಂಗೋಲಿಯನ್ ಸ್ಪಾಟ್ ಅಂತಾರೆ, ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಂಡು ಮೊದಲ ದಿನವೇ ಕೊಡು. ಊರಲ್ಲಿ ಯಾರಾದರೂ ಹೊಟ್ಟೆನೋವಿಗೆ ಅಂತ ಬರೆ ಹಾಕಿಸಿದ್ದರೆ ಅದನ್ನೂ ಮುಚ್ಚಿಡಬೇಡ, ಡಾಕ್ಟರಿಗೆ ಹೇಳು. ಅವರು ಕಂಡುಹಿಡಿದು ಕೇಳುವುದಕ್ಕಿಂತ ನೀನೇ ಹೇಳೋದು ಒಳ್ಳೆಯದು. ಮನೆಯಲ್ಲಿ ಮಗ ಬಿದ್ದು ಹಣೆಗೆ ಗುಬುಟು ಬಂದರೂ ಬೆಳಿಗ್ಗೆ ಬಿಡುವಾಗಲೇ ಒಂದು ಮಾತು ಹೇಳಿಬಿಡು. ಇಂಗ್ಲಿಷ್ ಬರದಿದ್ದರೆ ಮೊಬೈಲಿನಲ್ಲಿ ಬರೆದು ತೋರಿಸು. ಕೇಳಬೇಕಾದ್ದೇನಾದರೂ ಇದ್ದರೆ ಕೋಣೆಯೊಳಗೆ ಕೂರಿಸಿ ಕೇಳಿ ಅಂತ ನೀನೂ ಅವರಿಗೆ ಹೇಳಬಹುದು. ನನಗೆ ಆಗ ಅದು ಗೊತ್ತಿರಲಿಲ್ಲ.

ಉಳಿದದ್ದು ಮಗನನ್ನು ಯಾರ ಕೈಗೆ ಕೊಡುತ್ತಾರೆ ಅನ್ನೋದು. ನಿನಗೇನಾದರೂ ಆಗಿ ಆಸ್ಪತ್ರೆಗೆ ಹೋಗಬೇಕಾಯಿತು ಅಂದುಕೋ. ಆಗ ಫಾರ್ಮಿನಲ್ಲಿ ಹೆಸರಿದ್ದವರು, ಫೋಟೋ ಇರುವ ಐಡಿ ತೋರಿಸಿದವರು ಮಾತ್ರ ಕರೆದುಕೊಂಡು ಹೋಗಬಹುದು. "ನಾನು ಅವನ ಕಾಕಾ" ಅಂದರೆ ನಡೆಯಲ್ಲ, ಮಗ ಓಡಿ ಬಂದು ತಬ್ಬಿಕೊಂಡರೂ ನಡೆಯಲ್ಲ. ಬ್ರಹ್ಮಪುರದಲ್ಲಿ ನನ್ನನ್ನು ಶಾಲೆಯಿಂದ ಯಾರು ಯಾರು ಕರೆತರುತ್ತಿದ್ದರು ಅಂತ ಲೆಕ್ಕವೇ ಇಲ್ಲ. ಕಿರಾಣಿ ಅಂಗಡಿಯ ಕಾಕಾ ಸೈಕಲ್ ಮೇಲೆ ಕೂರಿಸಿಕೊಂಡು ಬರುತ್ತಿದ್ದ. ಆ ಕಾಲಂ ತುಂಬುವಾಗ ಅದೇ ನೆನಪಾಗಿತ್ತು. ಮೊದಲು ಗಂಡನ ಹೆಸರು ಬರೆದೆ, ಮುಂದೆ ಯಾರನ್ನು ಬರೆಯಲಿ ಅಂತ ಪೆನ್ನು ಹಿಡಿದು ಕೂತೆ. ಇಷ್ಟು ದೊಡ್ಡ ಊರಲ್ಲಿ ಎರಡನೇ ಹೆಸರು ಇರಲಿಲ್ಲ.

ನಿನ್ನ ಗಂಡ ಗೋದಾಮಿನ ಶಿಫ್ಟಿನಲ್ಲಿ ಫೋನ್ ಲಾಕರಿನಲ್ಲಿಡಬೇಕು ಅಂದಿದ್ದೀಯ. ಹಾಗಾದರೆ ಅವರ ಹೆಸರೊಂದೇ ಸಾಲದು, ಅವರ ಸೂಪರ್‌ವೈಸರ್ ನಂಬರನ್ನೂ ಕೊಡು. ನಿಮ್ಮ ಬಿಲ್ಡಿಂಗಿನಲ್ಲಿ ಯಾವ ಭಾಷೆಯವರೇ ಆಗಲಿ, ಮನೆಯಲ್ಲಿರುವ ಒಬ್ಬ ಹೆಣ್ಣುಮಗಳನ್ನು ಪರಿಚಯ ಮಾಡಿಕೊಂಡು ಎರಡನೇ ಹೆಸರು ಬರಿ. ಮೂರನೇ ಹೆಸರು ನನ್ನದು ಬರಿ. ನಾನು ಮಿಸ್ಸಿಸಾಗಾದಲ್ಲಿದ್ದೇನೆ, ಕಾರಿನಲ್ಲಿ ಅರ್ಧ ಗಂಟೆ, ಹಿಮ ಬಿದ್ದರೆ ಜಾಸ್ತಿ. ಮೊದಲ ವಾರ ಒಂದು ದಿನ ಲೈಸೆನ್ಸ್ ತಗೊಂಡು ಬಂದು ಅವರಿಗೆ ಮುಖ ತೋರಿಸಿ ಹೋಗುತ್ತೇನೆ. ಗುರುವಾರ ಮಾತ್ರ ನನಗೆ ಪೂರ್ತಿ ದಿನ ಡ್ಯೂಟಿ ಇರುತ್ತದೆ, ಅವತ್ತಿಗೆ ಇನ್ನೊಬ್ಬರನ್ನು ನೋಡಿಟ್ಟುಕೋ.