ಮುಂದಿನ ಸರದಿ ಯಾರದು?

ಪ್ರಶ್ನೆ: ಇಂಗ್ಲೆಂಡಿನ ರಾಜಮನೆತನದ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ಒಂದು ಕಡೆ ‘ಏರ್ ಅಪ್ಯಾರೆಂಟ್’ ಎಂದಿದೆ, ಇನ್ನೊಂದು ಕಡೆ ‘ಏರ್ ಪ್ರಿಸಂಪ್ಟಿವ್’. ಎರಡಕ್ಕೂ ‘ಉತ್ತರಾಧಿಕಾರಿ’ ಅಂತ ಬರೆದು ಮುಂದೆ ಹೋಗಲೇ?

ಉತ್ತರ: ಬೇಡ. ಹಾಗೆ ಮಾಡಿದರೆ ಅರ್ಧ ಕಥೆಯೇ ಕಳೆದುಹೋಗುತ್ತದೆ.

ಇಬ್ಬರೂ ಪಟ್ಟದ ಸಾಲಿನಲ್ಲಿ ಮೊದಲಿಗರೇ. ಆದರೆ ‘ಅಪ್ಯಾರೆಂಟ್’ ಆದವರ ಜಾಗ ಗಟ್ಟಿ. ದೊರೆಗಿಂತ ಮೊದಲು ತಾವೇ ಸಾಯದಿದ್ದರೆ ಸಾಕು. ಆಮೇಲೆ ಯಾವ ಮಗು ಹುಟ್ಟಿದರೂ ಅವರನ್ನು ಹಿಂದಕ್ಕೆ ತಳ್ಳಲಾಗದು. ‘ಪ್ರಿಸಂಪ್ಟಿವ್’ ಆದವರದ್ದು ಸದ್ಯದ ಜಾಗ. ಅವರಿಗಿಂತ ಹತ್ತಿರದ ಹಕ್ಕಿನ ಮಗು ಹುಟ್ಟಿದರೆ ಪಕ್ಕಕ್ಕೆ ಸರಿಯಲೇಬೇಕು.

ಎರಡನೇ ಎಲಿಜಬೆತ್‌ರನ್ನೇ ನೋಡಿ. 1936ರ ಡಿಸೆಂಬರಿನಲ್ಲಿ ದೊಡ್ಡಪ್ಪ ಎಂಟನೇ ಎಡ್ವರ್ಡ್ ಪಟ್ಟ ಬಿಟ್ಟರು, ಅಪ್ಪ ಆರನೇ ಜಾರ್ಜ್ ದೊರೆಯಾದರು. ಆಗ ಎಲಿಜಬೆತ್‌ಗೆ 10 ವರ್ಷ. ಸಾಲಿನಲ್ಲಿ ಅವರೇ ಮೊದಲು. ಆದರೂ 1952ರ ಫೆಬ್ರವರಿ 6ರಂದು ಅಪ್ಪ ತೀರಿಕೊಳ್ಳುವವರೆಗೂ ಅವರು ‘ಪ್ರಿಸಂಪ್ಟಿವ್’ ಆಗಿಯೇ ಉಳಿದರು. ಯಾಕೆ? ಒಬ್ಬ ತಮ್ಮ ಹುಟ್ಟಿಬಿಟ್ಟರೆ ಪಟ್ಟ ಅವನಿಗೆ ಅನ್ನುವುದು ಆಗಿನ ನಿಯಮ. ಅವರು ರಾಣಿಯಾದ ದಿನವೇ 3 ವರ್ಷದ ಮಗ ಚಾರ್ಲ್ಸ್ ನೇರವಾಗಿ ‘ಅಪ್ಯಾರೆಂಟ್’ ಆದ. ಅಮ್ಮನಿಗೆ ಒಂದು ದಿನಕ್ಕೂ ಸಿಗದ ಪದ ಮಗನಿಗೆ ಆಟದ ವಯಸ್ಸಿನಲ್ಲೇ ಸಿಕ್ಕಿತು!

ಇದಕ್ಕಿಂತ ಸ್ವಾರಸ್ಯದ್ದು ವಿಕ್ಟೋರಿಯಾ ಪ್ರಸಂಗ. 1837ರಲ್ಲಿ ನಾಲ್ಕನೇ ವಿಲಿಯಂ ತೀರಿಕೊಂಡಾಗ ಪಟ್ಟಕ್ಕೆ ಬರುವಂಥ ಮಕ್ಕಳು ಅವರಿಗೆ ಉಳಿದಿರಲಿಲ್ಲ. ಅಣ್ಣನ... ಅಲ್ಲ, ತಮ್ಮನ ಮಗಳು ವಿಕ್ಟೋರಿಯಾ ರಾಣಿ ಎಂದು ಸಾರಿದರು. ಆದರೆ ಆ ಘೋಷಣೆಯಲ್ಲೇ ಒಂದು ಷರತ್ತು ಸೇರಿಸಿದರು: ವಿಲಿಯಂ ಅವರ ವಿಧವೆಗೆ ಮುಂದೆ ಮಗು ಹುಟ್ಟಿದರೆ ಅದರ ಹಕ್ಕಿಗೆ ಇದರಿಂದ ಧಕ್ಕೆಯಿಲ್ಲ ಅಂತ. ಅಂದರೆ ಪಟ್ಟಕ್ಕೆ ಬಂದ ಮೇಲೂ ಕೆಲವು ತಿಂಗಳು ‘ಸದ್ಯಕ್ಕೆ’ ಅನ್ನುವ ಮಾತು ವಿಕ್ಟೋರಿಯಾ ಬೆನ್ನು ಬಿಡಲಿಲ್ಲ. ನಿಮ್ಮ ಲೇಖನದಲ್ಲಿ ಈ ಭಾಗ ಇದ್ದರೆ ದಯವಿಟ್ಟು ಬಿಡಬೇಡಿ.

ಈ ಜೋಡಿ ಪದಗಳ ಹಿಂದೆ ಇಂಗ್ಲೆಂಡಿನ ಒಂದು ಹಳೆಯ ಕಾನೂನು ಸೂತ್ರವಿದೆ: ಬದುಕಿರುವವರಿಗೆ ವಾರಸುದಾರರಿಲ್ಲ. ಸತ್ತ ಮೇಲಷ್ಟೇ ವಾರಸುದಾರ ಯಾರು ಅನ್ನುವುದು ತೀರ್ಮಾನ. ಅಲ್ಲಿಯವರೆಗೆ ಬರಿಯ ‘ಏರ್’ ಅನ್ನುವ ಹಾಗಿಲ್ಲ, ಜೊತೆಗೊಂದು ಬಾಲ ಬೇಕು.

ಪಟ್ಟ ಯಾರಿಗೆ ಅನ್ನುವುದರ ಬಗ್ಗೆ 2013ರಲ್ಲಿ ಆದ ಹೊಸ ಕಾಯ್ದೆ 2015ರಲ್ಲಿ ಜಾರಿಗೆ ಬಂತು. 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಲ್ಲಿ ಗಂಡು ಹೆಣ್ಣು ಅನ್ನುವ ಭೇದ ಹೋಯಿತು. ಹಾಗಾಗಿ 2018ರಲ್ಲಿ ಹುಟ್ಟಿದ, ಚಾರ್ಲ್ಸ್ ಅವರ ಮೊಮ್ಮಗ ಲೂಯಿ ತನ್ನ ಅಕ್ಕ ಶಾರ್ಲೆಟ್‌ಳ ಹಿಂದೆಯೇ ನಿಂತ. ಹಳೆಯ ನಿಯಮವಿದ್ದರೆ ಅವಳನ್ನು ದಾಟಿ ಹೋಗುತ್ತಿದ್ದ.

ಇನ್ನು ಅನುವಾದ. ‘ಅಪ್ಯಾರೆಂಟ್’ ಅನ್ನುವುದು ಮೋಸದ ಪದ. ಇವತ್ತಿನ ಇಂಗ್ಲಿಷಿನಲ್ಲಿ ಅದಕ್ಕೆ ‘ಮೇಲ್ನೋಟಕ್ಕೆ ಕಾಣುವ’ ಅನ್ನುವ ಅರ್ಥವೇ ಜಾಸ್ತಿ. ಇಲ್ಲಿರುವುದು ಹಳೆಯ ಅರ್ಥ, ‘ಎದ್ದು ಕಾಣುವ, ಸಂಶಯವಿಲ್ಲದ’. ನಾನಾದರೆ ‘ಖಚಿತ ಉತ್ತರಾಧಿಕಾರಿ’, ‘ಸದ್ಯದ ಉತ್ತರಾಧಿಕಾರಿ’ ಅಂತ ಬರೆಯುತ್ತೇನೆ. ‘ಊಹಾತ್ಮಕ ಉತ್ತರಾಧಿಕಾರಿ’ ಅಂತ ಮಾತ್ರ ಬರೆಯಬೇಡಿ. ಅಂಥ ಮನುಷ್ಯನೇ ಇಲ್ಲವೇನೋ ಅಂದುಕೊಂಡಾರು.

ಪ್ರಶ್ನೆ: ‘ಕಸಿನ್, ಒನ್ಸ್ ರಿಮೂವ್ಡ್’ ಅಂದರೆ ಸಂಬಂಧ ಕಡಿದುಕೊಂಡವರೇ?

ಉತ್ತರ: ಪಾಪ, ಯಾರೂ ಯಾರನ್ನೂ ತೆಗೆದುಹಾಕಿಲ್ಲ! ಒಂದು ತಲೆಮಾರು ಮೇಲೆ ಅಥವಾ ಕೆಳಗೆ ಇದ್ದಾರೆ ಅಂತ ಅಷ್ಟೇ. ಇಂಗ್ಲಿಷಿನ ವಿಚಿತ್ರ ನೋಡಿ. ಅಪ್ಪನ ಕಡೆಯೋ ಅಮ್ಮನ ಕಡೆಯೋ, ಗಂಡೋ ಹೆಣ್ಣೋ, ಹಿರಿಯರೋ ಕಿರಿಯರೋ ಅದಕ್ಕೆ ಬೇಕಿಲ್ಲ. ತಲೆಮಾರಿನ ಲೆಕ್ಕ ಮಾತ್ರ ಬಲು ಕಟ್ಟುನಿಟ್ಟು.

ಪೆನ್ಸಿಲ್ ತೆಗೆದುಕೊಳ್ಳಿ. ಡೆನ್ಮಾರ್ಕಿನ ದೊರೆ ಒಂಬತ್ತನೇ ಕ್ರಿಶ್ಚಿಯನ್ ಹೆಸರು ಮೇಲೆ ಬರೆಯಿರಿ. ಎಡಗಡೆ ಮಗಳು ಅಲೆಕ್ಸಾಂಡ್ರಾ, ಅವಳ ಮಗ ಐದನೇ ಜಾರ್ಜ್, ಅವರ ಮಗ ಆರನೇ ಜಾರ್ಜ್, ಅವರ ಮಗಳು ಎರಡನೇ ಎಲಿಜಬೆತ್. ಬಲಗಡೆ ಮಗ ಗ್ರೀಸಿನ ಒಂದನೇ ಜಾರ್ಜ್, ಅವರ ಮಗ ಆಂಡ್ರ್ಯೂ, ಅವರ ಮಗ ಫಿಲಿಪ್. ಅಲೆಕ್ಸಾಂಡ್ರಾ ಮತ್ತು ಗ್ರೀಸಿನ ಜಾರ್ಜ್ ಅಕ್ಕ ತಮ್ಮ. ಅವರ ಮಕ್ಕಳು ಫಸ್ಟ್ ಕಸಿನ್. ಮೊಮ್ಮಕ್ಕಳು ಸೆಕೆಂಡ್ ಕಸಿನ್. ಈ ಸಾಲಿನಲ್ಲಿ ಫಿಲಿಪ್‌ಗೆ ಎದುರು ನಿಲ್ಲುವವರು ಆರನೇ ಜಾರ್ಜ್, ಅಂದರೆ ಮಾವ! ಹೆಂಡತಿ ಎಲಿಜಬೆತ್ ಒಂದು ಮೆಟ್ಟಿಲು ಕೆಳಗೆ. ಹಾಗಾಗಿ ಗಂಡ ಹೆಂಡತಿ ಈ ಕಡೆಯಿಂದ ‘ಸೆಕೆಂಡ್ ಕಸಿನ್, ಒನ್ಸ್ ರಿಮೂವ್ಡ್’. ವಿಕ್ಟೋರಿಯಾ ರಾಣಿಯಿಂದ ಎಣಿಸಿದರೆ ಇಬ್ಬರೂ ಒಂದೇ ಮೆಟ್ಟಿಲಿನ ‘ಥರ್ಡ್ ಕಸಿನ್’. ಎರಡೂ ಸರಿಯೇ.

ಪ್ರಶ್ನೆ: ‘ಸಕ್ಸಸ್’ಗೂ ‘ಸಕ್ಸೆಷನ್’ಗೂ ನಂಟಿದೆಯೇ?

ಉತ್ತರ: ಇದೆ. ಲ್ಯಾಟಿನ್ನಿನ ಒಂದೇ ಬೇರು, ‘ಹಿಂದೆಯೇ ಬರು’ ಅಂತ. ಮೊದಲು ‘ಸಕ್ಸಸ್’ ಅಂದರೆ ಒಂದರ ಹಿಂದೆ ಬಂದದ್ದು, ಫಲಿತಾಂಶ. ಒಳ್ಳೆಯದೂ ಆಗಬಹುದಿತ್ತು, ಕೆಟ್ಟದ್ದೂ. ಗೆಲುವು ಅನ್ನುವ ಅರ್ಥ ಆಮೇಲೆ ಅಂಟಿಕೊಂಡಿತು. ‘ಸೀಕ್ವೆನ್ಸ್’, ‘ಸೀಕ್ವೆಲ್’ ಬಂದದ್ದು ಬೇರೆ ಬೇರಿನಿಂದ, ‘ಹಿಂಬಾಲಿಸು’ ಅನ್ನುವುದರಿಂದ. ‘ಸೆಕೆಂಡ್’ ಕೂಡ ಆ ಮನೆಯದೇ: ಮೊದಲನೆಯದನ್ನು ಹಿಂಬಾಲಿಸುವುದು.

ಪ್ರಶ್ನೆ: ನಾಯಿಗೆ ‘ಪೆಡಿಗ್ರಿ’ ಅನ್ನುತ್ತಾರಲ್ಲ, ಮನುಷ್ಯರಿಗೂ ಹೇಳಬಹುದೇ?

ಉತ್ತರ: ಶುರುವಾದದ್ದೇ ಮನುಷ್ಯರಿಂದ, ನಾಯಿ ಆಮೇಲೆ ಬಂತು. ಹಳೆಯ ಫ್ರೆಂಚಿನಲ್ಲಿ ‘ಕೊಕ್ಕರೆಯ ಕಾಲು’ ಅಂತ ಇದರ ಅರ್ಥ. ವಂಶಾವಳಿ ಬರೆಯುವಾಗ ಒಬ್ಬ ಹಿರಿಯನಿಂದ ಮಕ್ಕಳತ್ತ ಎಳೆಯುತ್ತಿದ್ದ ಮೂರು ಗೆರೆ ಹಕ್ಕಿಯ ಹೆಜ್ಜೆ ಗುರುತಿನ ಹಾಗೆ ಕಾಣುತ್ತಿತ್ತು. ಈಗ ಮನುಷ್ಯರಿಗೆ ಬಳಸಿದರೆ ಸ್ವಲ್ಪ ಜಂಬ, ಸ್ವಲ್ಪ ಕುಹಕ ಎರಡೂ ಕೇಳಿಸುತ್ತವೆ. ಬೀಗರ ಮುಂದೆ ‘ಆನ್ಸೆಸ್ಟ್ರಿ’ ಅಂದರೆ ಕ್ಷೇಮ.