ಎರಡು ಮೂರು ಸಲ ಎಳೆದರೂ ರಿವಿಟ್ ತುಂಡಾಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಉಡುಪಿ ಹತ್ತಿರ ನಮ್ಮದು ಬಸ್ ಬಾಡಿ ಕಟ್ಟುವ ಶೆಡ್. ಗಾಳಿಯಲ್ಲಿ ನಡೆಯುವ, ಒಳಗೆ ಆಯಿಲ್ ಇರುವ ರಿವಿಟ್ ಗನ್ ಇದೆ. ಮಳೆಗಾಲ ಶುರುವಾದ ಮೇಲೆ ಒಂದೊಂದು ರಿವಿಟ್‌ಗೂ ಎರಡು ಮೂರು ಸಲ ಟ್ರಿಗರ್ ಒತ್ತಬೇಕು. ಆಯಿಲ್ ಹಾಕಿದರೆ ನಾಲ್ಕು ದಿನ ಸರಿ ಇರುತ್ತದೆ, ಮತ್ತೆ ಅದೇ ಕಥೆ. ಹೊಸದೇ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ನಿಮ್ಮ ಸಲಹೆ ಏನು ಸರ್?

ಉತ್ತರ: ಹೊಸದರ ಮಾತು ಈಗಲೇ ಬೇಡ. ಗನ್ ಬಿಚ್ಚುವ ಮೊದಲು ಬಾಟಲಿಯಲ್ಲಿ ಬಿದ್ದಿರುವ ರಿವಿಟ್ ಕಡ್ಡಿಗಳನ್ನು (ರಿವಿಟ್ ಕೂತ ಮೇಲೆ ತುಂಡಾಗಿ ಗನ್ನಿನೊಳಗೆ ಬರುವ ಭಾಗ) ಬೆಳಕಿಗೆ ಹಿಡಿದು ನೋಡಿ. ಜಾ, ಅಂದರೆ ಕಡ್ಡಿಯನ್ನು ಕಚ್ಚಿ ಹಿಡಿಯುವ ಹಲ್ಲಿನ ತುಂಡುಗಳು, ಅದರ ಗುರುತು ಒಂದೇ ಜಾಗದಲ್ಲಿ ಸ್ಪಷ್ಟವಾಗಿ ಮೂಡಿದ್ದರೆ ಗನ್ ಚೆನ್ನಾಗಿದೆ. ಕಡ್ಡಿಯ ಉದ್ದಕ್ಕೂ ಕೆರೆದ ಹಾಗೆ ಗೀರು ಬಿದ್ದಿದ್ದರೆ ಜಾ ಜಾರುತ್ತಿದೆ. ಬೇರೆ ಬೇರೆ ಎರಡು ಮೂರು ಕಡೆ ಸ್ಪಷ್ಟ ಗುರುತು ಇದ್ದರೆ ಹಿಡಿತ ಸರಿ ಇದೆ, ಎಳೆತವೇ ಗಿಡ್ಡವಾಗಿದೆ, ಅಂದರೆ ಒಂದು ಸಲಕ್ಕೆ ಸಾಕಷ್ಟು ದೂರ ಎಳೆಯುತ್ತಿಲ್ಲ. ಈ ಒಂದು ಪರೀಕ್ಷೆ ಅರ್ಧ ದಿನದ ಕೆಲಸ ಉಳಿಸುತ್ತದೆ.

ಜಾರುತ್ತಿದ್ದರೆ ಮೂತಿ ಬಿಚ್ಚಿ. ಜಾ ಹಲ್ಲುಗಳಲ್ಲಿ ಕೂತ ಲೋಹದ ಪುಡಿಯನ್ನು ತಂತಿ ಬ್ರಷ್‌ನಿಂದ ತೆಗೆಯಿರಿ. ಹಲ್ಲು ಸವೆದಿದ್ದರೆ ಪೂರ್ತಿ ಸೆಟ್ ಬದಲಿಸಿ, ಒಂದೇ ತುಂಡು ಬದಲಿಸಬೇಡಿ. ನೋಸ್‌ಪೀಸ್ (ಕಡ್ಡಿ ತೂರಿಸುವ ಮೂತಿಯ ತುದಿ) ರಿವಿಟ್ ಸೈಜಿಗೆ ಸರಿಯಾಗಿರಲಿ, ಪೂರ್ತಿ ಬಿಗಿಯಾಗಿರಲಿ. ಸಡಿಲ ಇದ್ದರೆ ಜಾ ಸರಿಯಾಗಿ ತೆರೆಯುವುದಿಲ್ಲ, ಕಡ್ಡಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಆದರೆ ನೀವು ಹೇಳಿದ್ದು ಕೇಳಿದರೆ ನಿಮ್ಮದು ಗಿಡ್ಡ ಎಳೆತ ಅನ್ನಿಸುತ್ತದೆ. ಒಳಗೆ ಆಗುವುದು ಇಷ್ಟು: ಗಾಳಿ ದೊಡ್ಡ ಪಿಸ್ಟನ್ ತಳ್ಳುತ್ತದೆ, ಅದರ ಸಣ್ಣ ರಾಡ್ ಆಯಿಲನ್ನು ತಳ್ಳುತ್ತದೆ. ಪಿಸ್ಟನ್ ವ್ಯಾಸ ರಾಡಿನ 5 ಪಟ್ಟು ಇದ್ದರೆ ಅದರ ವಿಸ್ತೀರ್ಣ 25 ಪಟ್ಟು, ಹಾಗಾಗಿ ಒತ್ತಡವೂ 25 ಪಟ್ಟು. ಅಂದರೆ 6 ಬಾರ್ ಗಾಳಿ ಸುಮಾರು 150 ಬಾರ್ ಆಯಿಲ್ ಒತ್ತಡವಾಗುತ್ತದೆ. ಆ ಆಯಿಲ್ ತಲೆಯಲ್ಲಿರುವ ಪಿಸ್ಟನನ್ನು ಹಿಂದಕ್ಕೆ ದೂಡಿ ಕಡ್ಡಿಯನ್ನು ಎಳೆಯುತ್ತದೆ. ಆಯಿಲ್ ಕಡಿಮೆಯಾದರೆ, ಅಥವಾ ಅದರಲ್ಲಿ ಗಾಳಿಗುಳ್ಳೆ ಸೇರಿದರೆ, ರಾಡ್ ಪೂರ್ತಿ ಓಡಿದರೂ ಜಾ ಪೂರ್ತಿ ಓಡುವುದಿಲ್ಲ.

ನಾಲ್ಕೇ ದಿನದಲ್ಲಿ ಆಯಿಲ್ ಎಲ್ಲಿ ಹೋಯಿತು? ಅದೇ ನಿಜವಾದ ಪ್ರಶ್ನೆ. ಗಾಳಿ ಹೊರಬರುವ ಕಡೆ ಬಿಳಿ ಬಟ್ಟೆ ಹಿಡಿದು ಟ್ರಿಗರ್ ಒತ್ತಿ. ಪ್ರತಿ ಸಲವೂ ಆಯಿಲ್ ಕಲೆ ಬಿದ್ದರೆ ರಾಡಿನ ಸೀಲ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆ. ತಲೆಯ ಕಡೆ ಒದ್ದೆ ಇದ್ದರೆ ಅಲ್ಲಿಯ ಸೀಲ್. ಎರಡಕ್ಕೂ ಅದೇ ಮಾಡೆಲ್‌ನ ಸೀಲ್ ಕಿಟ್ ಸಾಕು. ಬರೀ ಆಯಿಲ್ ಸುರಿಯುತ್ತಾ ಹೋಗಬೇಡಿ.

ಮಳೆಗಾಲಕ್ಕೂ ಇದಕ್ಕೂ ಸಂಬಂಧ ಇದೆ. ಆಟಿ ತಿಂಗಳಲ್ಲಿ ನಮ್ಮ ಕರಾವಳಿಯ ಗಾಳಿ ಹಿಂಡಿದರೆ ನೀರು ಬರುತ್ತದೆ, ಕಂಪ್ರೆಸರ್ ಮಾಡುವುದೂ ಅದನ್ನೇ. ಆ ನೀರು ಗನ್ನಿಗೆ ಹೋದರೆ ಒಳಗಿನ ಎಣ್ಣೆಪಸೆ ತೊಳೆದುಹೋಗುತ್ತದೆ. ತುಕ್ಕು ಹಿಡಿಯುತ್ತದೆ, ಆ ತುಕ್ಕು ಸೀಲನ್ನು ತರಿಯುತ್ತದೆ. ದಿನಾ ಸಂಜೆ ಟ್ಯಾಂಕಿನ ಕೆಳಗಿನ ವಾಲ್ವ್ ತೆರೆದು ನೀರು ಬಿಡಿ. ಫಿಲ್ಟರ್ ಬಟ್ಟಲನ್ನೂ ಖಾಲಿ ಮಾಡಿ. ಲೈನಿನಲ್ಲಿ ಲೂಬ್ರಿಕೇಟರ್ (ಗಾಳಿಗೆ ತಾನಾಗಿ ಎಣ್ಣೆ ಬೆರೆಸುವ ಸಾಧನ) ಇಲ್ಲದಿದ್ದರೆ ಬೆಳಿಗ್ಗೆ ಗಾಳಿ ಬಾಯಿಗೆ ಎರಡು ಮೂರು ಹನಿ ಏರ್ ಟೂಲ್ ಆಯಿಲ್ ಹಾಕಿ. ಸೀಲ್ ಬದಲಿಸಿದ ಮೇಲೂ ಇದನ್ನು ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಪತ್ರ ಬರೆಯಬೇಕಾದೀತು.

ಆಯಿಲ್ ತುಂಬುವಾಗ ಮೊದಲು ಗಾಳಿ ಪೈಪ್ ತೆಗೆಯಿರಿ. ಇದನ್ನು ದಯವಿಟ್ಟು ಮರೆಯಬೇಡಿ. ಪೈಪ್ ಇರುವಾಗ ಆಯಿಲ್ ತುಂಬುವ ಸ್ಕ್ರೂ ಬಿಚ್ಚಿ ಯಾರಾದರೂ ಟ್ರಿಗರ್ ಮುಟ್ಟಿದರೆ ಆಯಿಲ್ ಬಾಣದ ಹಾಗೆ ಚಿಮ್ಮುತ್ತದೆ. ಚರ್ಮದೊಳಗೆ ಹೊಕ್ಕರೆ ಗಾಯ ಸೂಜಿ ಚುಚ್ಚಿದಷ್ಟೇ ಕಾಣಬಹುದು, ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗನ್ನನ್ನು ಸ್ಕ್ರೂ ಮೇಲೆ ಬರುವಂತೆ ಮಲಗಿಸಿ. ಸಿರಿಂಜ್‌ನಿಂದ ನಿಧಾನ ಆಯಿಲ್ ಒತ್ತಿ, ಎಳೆಯಿರಿ, ಗುಳ್ಳೆ ನಿಲ್ಲುವ ತನಕ. ಮಾಡೆಲ್‌ನಿಂದ ಮಾಡೆಲ್‌ಗೆ ಸ್ಕ್ರೂ ಜಾಗ ಬೇರೆ, ಆಯಿಲ್ ನಂಬರೂ ಬೇರೆ. ಜೊತೆಗೆ ಬಂದ ಪುಸ್ತಕದಲ್ಲಿ ಹೇಳಿದ ಹೈಡ್ರಾಲಿಕ್ ಆಯಿಲನ್ನೇ ಹಾಕಿ. ಬ್ರೇಕ್ ಆಯಿಲ್ ಮಾತ್ರ ಬೇಡವೇ ಬೇಡ. ಬಸ್ ಶೆಡ್‌ನಲ್ಲಿ ಕೈಗೆ ಮೊದಲು ಸಿಗುವುದು ಅದೇ ಅಲ್ವಾ? ಅದು ತಾಗಿದರೆ ಸಾಮಾನ್ಯ ನೈಟ್ರೈಲ್ ರಬ್ಬರ್ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ.

ಪ್ರಶ್ನೆ: ಮಲ್ಪೆಯಲ್ಲಿ ಮೀನು ಸಾಗಿಸುವ ಗಾಡಿಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಶೀಟ್ ಹೊಡೆಯುತ್ತೇವೆ. 4.8 ಮಿ.ಮೀ. ಅಲ್ಯೂಮಿನಿಯಂ ರಿವಿಟ್ ಸಲೀಸಾಗಿ ತುಂಡಾಗುತ್ತದೆ. ಅದೇ ಸೈಜಿನ ಸ್ಟೇನ್‌ಲೆಸ್ ಆಗುವುದಿಲ್ಲ. ಗನ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ಸ್ಟೇನ್‌ಲೆಸ್‌ಗೆ ತುಂಬಾ ಜಾಸ್ತಿ ಬಲ ಬೇಕು. ನಿಮ್ಮ ಗನ್ ಯಾವ ಲೋಹ, ಯಾವ ಸೈಜ್ ತನಕ ಎಳೆಯುತ್ತದೆ ಎಂದು ಪುಸ್ತಕದಲ್ಲಿ ಮೊದಲು ನೋಡಿ. ಅಷ್ಟು ತಾಕತ್ತು ಇದ್ದರೆ ಗಾಳಿ ಪರೀಕ್ಷಿಸಿ. ಸುಮ್ನೆ ಇದ್ದಾಗಿನ ಪ್ರೆಶರ್ ಲೆಕ್ಕಕ್ಕಿಲ್ಲ, ಟ್ರಿಗರ್ ಒತ್ತಿದಾಗ ಗನ್ ಹತ್ತಿರ ಎಷ್ಟಿದೆ ಎನ್ನುವುದು ಮುಖ್ಯ. ಉದ್ದದ ಸಪೂರ ಪೈಪ್ ಇದ್ದರೆ ಅಲ್ಲೇ ಒತ್ತಡ ಬಿದ್ದುಹೋಗುತ್ತದೆ. ಹಾಗಂತ ಪುಸ್ತಕದ ಮಿತಿ ಮೀರಿ ಪ್ರೆಶರ್ ಏರಿಸಬೇಡಿ.

ಬೇಸರಪಟ್ಟು ಅಲ್ಯೂಮಿನಿಯಂ ರಿವಿಟ್‌ಗೇ ವಾಪಸ್ ಹೋಗಬೇಡಿ. ಸ್ಟೇನ್‌ಲೆಸ್ ಶೀಟಿಗೆ ಅಲ್ಯೂಮಿನಿಯಂ ರಿವಿಟ್ ಹೊಡೆದು ಉಪ್ಪುನೀರು ತಾಗಿದರೆ, ತಿಂದುಹೋಗುವುದು ರಿವಿಟ್. ಮೀನಿನ ಗಾಡಿಯಲ್ಲಿ ಉಪ್ಪುನೀರು ದಿನಾ ಇರುತ್ತದೆ.